ರೈಲು ಬಾರದ ಸೀಮೆಯ ಗರಸು ದಾರಿಗಳು

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ನೀರಮಾನ್ವಿಯ ಸುತ್ತ ಮೂರು ಬಗೆಯ ದಾರಿಗಳಿವೆ. ಮೊದಲನೆಯದು ಲಾರಿ, ಬಸ್ಸು, ಭತ್ತದ ಟ್ರ್ಯಾಕ್ಟರುಗಳು ಓಡಾಡುವ ರಾಯಚೂರು–ಸಿಂಧನೂರು ಹೆದ್ದಾರಿ. ಎರಡನೆಯದು ಊರಿಂದ ಹೊಲಕ್ಕೆ, ಹೊಲದಿಂದ ಗುಡ್ಡದ ಬುಡಕ್ಕೆ ಹೋಗುವ ಬಂಡಿದಾರಿ. ಮೂರನೆಯದು ಕಾಲುವೆಯ ದಂಡೆಗುಂಟ ಗರಸು ಹಾಕಿ ಮಾಡಿದ ದಾರಿ. ಸೈಕಲ್ ತುಳಿಯುವವರಿಗೆ ಹೆದ್ದಾರಿಯನ್ನು ಬಿಟ್ಟು ಉಳಿದ ಎರಡೂ ಬೇಕು. ಈ ಬರಹ ಆ ಎರಡು ದಾರಿಗಳ ಬಗ್ಗೆ.

ಟಾರು ಬಿಟ್ಟು ಗರಸು ದಾರಿಯಲ್ಲಿ ದೂರದೂರ ಸೈಕಲ್ ಹೊಡೆಯುವುದು ಈಗ ಜಗತ್ತಿನಾದ್ಯಂತ ದೊಡ್ಡ ಹವ್ಯಾಸ. ಅಮೆರಿಕದ ಕನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಸಣ್ಣ ಊರಿನಲ್ಲಿ 2006ರಲ್ಲಿ ಶುರುವಾದ ಗ್ರ್ಯಾವೆಲ್ (ಗರಸು) ಓಟಕ್ಕೆ ಇಂದು ನಾನಾ ದೇಶಗಳಿಂದ ಸವಾರರು ಬರುತ್ತಾರೆ. 2022ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಓಟದ ಗೊಡವೆ ಬೇಡದವರು ಹಳೆಯ ರೈಲುದಾರಿಗಳನ್ನು ಹುಡುಕುತ್ತಾರೆ. ಮಿಸೌರಿಯ ಕೇಟಿ ಟ್ರೇಲ್ ಎಂಬುದು ಹಳಿ ಕಿತ್ತ ರೈಲುಮಾರ್ಗದ ಮೇಲೆಯೇ ಸುಮಾರು 385 ಕಿ.ಮೀ. ಸಾಗುತ್ತದೆ. ಬ್ರಿಟನ್ನಿನಲ್ಲಿ ನಷ್ಟದ ರೈಲುಮಾರ್ಗಗಳನ್ನು ನಿಲ್ಲಿಸಲು ಹೇಳಿದ 1963ರ ಬೀಚಿಂಗ್ ವರದಿಯ ನಂತರ ಮುಚ್ಚಿದ ಎಷ್ಟೋ ಮಾರ್ಗಗಳು ಇಂದು ನಡೆಯುವವರ, ಸೈಕಲಿಗರ ಪಾಲಾಗಿವೆ. ಸ್ಪೇನ್ 1993ರಿಂದ ಇದನ್ನೇ ಒಂದು ಯೋಜನೆಯಾಗಿ ನಡೆಸುತ್ತಿದೆ. ರೈಲಿಗೆ ಕಡಿದಾದ ಏರು ಆಗಿಬರುವುದಿಲ್ಲ. ಅದಕ್ಕೆಂದು ಗುಡ್ಡವನ್ನು ಕಡಿದೋ, ತಗ್ಗನ್ನು ತುಂಬಿಯೋ ಮಾಡಿದ ಸಮದಾರಿ ಸೈಕಲ್ಲಿಗೂ ಹೇಳಿ ಮಾಡಿಸಿದಂತಿರುತ್ತದೆ.

ರಾಯಚೂರು ಜಿಲ್ಲೆಯಲ್ಲಿ ಅಂಥ ದಾರಿ ಹುಡುಕುತ್ತ ಹೊರಟರೆ ಸಿಗುವುದಿಲ್ಲ. ಮುಂಬೈ ಕಡೆಯಿಂದ ಬಂದ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ಮಾರ್ಗ ಇಂದಿಗೂ ದೇಶದ ಬಿಡುವಿಲ್ಲದ ಮಾರ್ಗಗಳಲ್ಲೊಂದು. ಮಾನ್ವಿ ಸೀಮೆಯದು ಬೇರೆಯೇ ಕಥೆ. ಗಿಣಿಗೇರಾ–ಮಹಬೂಬ್‌ನಗರ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1996–97ರಲ್ಲಿ. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಸಿಂಧನೂರಿನಿಂದ ಮಾನ್ವಿ ಮೂಲಕ ರಾಯಚೂರಿಗೆ ಬರಬೇಕಾದ ಈ ಮಾರ್ಗಕ್ಕೆ ಹಾಕಿದ ಮಣ್ಣಿನ ಏರಿ ಕಂಡಾಗ ಸೈಕಲ್ ಏರಿಸುವ ಆಸೆ ಯಾರಿಗಾದರೂ ಹುಟ್ಟಬಹುದು. ದಯವಿಟ್ಟು ಬೇಡ. ಅದು ಕಾಮಗಾರಿಯ ಜಾಗ, ಟಿಪ್ಪರ್ ಓಡಾಡುವ ಜಾಗ. ರೈಲ್ವೆ ಜಾಗದಲ್ಲಿ ಅಪ್ಪಣೆಯಿಲ್ಲದೆ ತಿರುಗುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧವೂ ಹೌದು. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಮೀಟರ್ ಗೇಜ್ ಮಾರ್ಗವನ್ನು 1996ರಲ್ಲಿ ನಿಲ್ಲಿಸಿದಾಗ ಚಾರಣಿಗರು ಅದನ್ನು ತಮ್ಮದೇ ದಾರಿ ಮಾಡಿಕೊಂಡಿದ್ದರು. 2006ರಲ್ಲಿ ಬ್ರಾಡ್‌ಗೇಜ್ ಸರಕು ರೈಲು, ಮರುವರ್ಷ ಪ್ರಯಾಣಿಕರ ರೈಲು ಓಡತೊಡಗಿದ ಮೇಲೂ ಹಳಿಯ ಮೇಲೆ ನಡೆಯುವ ಚಟ ಬಿಡದವರಿಂದ ಆದ ತೊಂದರೆಗಳು ನಮ್ಮ ಮುಂದಿವೆ.

ನಮ್ಮ ಸೀಮೆಯ ಸಮದಾರಿಯನ್ನು ಕಟ್ಟಿದ್ದು ನೀರಾವರಿ ಇಲಾಖೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು. ಅದರ ಎಡದಂಡೆ ಮುಖ್ಯ ಕಾಲುವೆ ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ 227 ಕಿ.ಮೀ. ಹರಿಯುತ್ತದೆ. ಗಂಗಾವತಿ, ಸಿಂಧನೂರು, ಮಾನ್ವಿ, ಸಿರವಾರ ಸೀಮೆಗಳಿಗೆ ನೀರುಣಿಸಿ ಕೊನೆಗೆ ರಾಯಚೂರು ತಾಲ್ಲೂಕು ಮುಟ್ಟುತ್ತದೆ. ದೇವದುರ್ಗದ ಕಡೆಗೆ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ಇದೆ. ಎರಡು ನದಿಗಳ ನಡುವಿನ ಈ ಎಡೆದೊರೆ ನಾಡಿಗೆ ಒಂದು ಮಗ್ಗುಲಿನಿಂದ ತುಂಗಭದ್ರೆಯ ನೀರು, ಇನ್ನೊಂದು ಮಗ್ಗುಲಿನಿಂದ ಕೃಷ್ಣೆಯ ನೀರು. ಎರಡು ಕಾಲುವೆಗಳ ಪಕ್ಕದಲ್ಲೂ ಇಲಾಖೆಯವರ ತಪಾಸಣೆಗೆಂದು ಮಾಡಿದ ದಾರಿ ಇದೆ. ಉಪಕಾಲುವೆಗಳಿಗೂ ಅಗಲ ಕಡಿಮೆಯಾದ ಅಂಥದೇ ದಾರಿಗಳು.

ಕಾಲುವೆಯ ದಾರಿ ಸೈಕಲ್ಲಿಗೆ ಯಾಕೆ ಒಗ್ಗುತ್ತದೆ ಎಂಬುದನ್ನು ಅರಿತರೆ ಸವಾರಿಯ ರುಚಿ ಹೆಚ್ಚುತ್ತದೆ. ನೀರು ತಾನಾಗಿ ಹರಿಯಬೇಕು, ಹಾಗೆಂದು ದಂಡೆಯನ್ನು ಕೊರೆಯುವಷ್ಟು ಜೋರಾಗಿ ಹರಿಯಬಾರದು. ಆದ್ದರಿಂದ ಮುಖ್ಯ ಕಾಲುವೆಯ ಇಳಿಜಾರು ಕಣ್ಣಿಗೆ ಕಾಣದಷ್ಟು ಕಡಿಮೆ, ರೈಲುದಾರಿಗಿಂತಲೂ ಕಡಿಮೆ. ಒಂದೇ ಮಟ್ಟ ಹಿಡಿದು ಸಾಗಬೇಕಾದ್ದರಿಂದ ಅದು ಗುಡ್ಡ ಎದುರಾದಲ್ಲಿ ಬಳಸಿ ಹೋಗುತ್ತದೆ, ತಗ್ಗು ಬಂದಲ್ಲಿ ಏರಿಯ ಮೇಲೆ ದಾಟುತ್ತದೆ. ಒಂದು ಮಗ್ಗುಲಿಗೆ ನೀರುಂಡ ಭತ್ತದ ಗದ್ದೆ, ಇನ್ನೊಂದು ಮಗ್ಗುಲಿಗೆ ನೀರು ಹತ್ತದ ಜೋಳ, ತೊಗರಿ, ಹತ್ತಿಯ ಹೊಲ: ಈ ಸೀಮೆಯ ಕೃಷಿಯ ಹಣೆಬರಹವೆಲ್ಲ ದಂಡೆಯ ಎರಡು ಬದಿಗೆ ಬಿಚ್ಚಿ ಇಟ್ಟಂತೆ ಕಾಣುತ್ತದೆ. ಹೆದ್ದಾರಿಯಲ್ಲಿ ಹೋಗುವವನಿಗೆ ಈ ನೋಟ ಸಿಗುವುದಿಲ್ಲ.

ಈ ದಂಡೆಯ ಮೇಲೆ ದೂರವನ್ನು ಇಂದಿಗೂ ಮೈಲಿನಲ್ಲೇ ಹೇಳುತ್ತಾರೆ. 'ಮೈಲ್ 69ರಾಗ ಗೇಜ್ ಎಷ್ಟದ? 104ಕ್ಕ ನೀರು ಮುಟ್ಟ್ಯಾವೇನು?' ಎಂಬುದು ಇಲ್ಲಿನ ರೈತರ ನಿತ್ಯದ ಮಾತು. ಗೇಜ್ ಎಂದರೆ ಕಾಲುವೆಯ ನೀರಿನ ಮಟ್ಟ. ಮೇಲ್ಭಾಗದಲ್ಲಿ ಅಕ್ರಮವಾಗಿ ನೀರೆತ್ತಿದರೆ ಕೆಳಭಾಗದ ಹೊಲಗಳು ಒಣಗುತ್ತವೆ. ನೀರು ಕಡಿಮೆಯಾದ ವರ್ಷ ಜಿಲ್ಲಾಡಳಿತ ಕಾಲುವೆಗುಂಟ ನಿಷೇಧಾಜ್ಞೆ ಹಾಕಿ ಪೊಲೀಸರನ್ನು ನಿಲ್ಲಿಸುತ್ತದೆ. ಅಂಥ ದಿನಗಳಲ್ಲಿ ಸೈಕಲ್ ತೆಗೆದುಕೊಂಡು ದಂಡೆಗೆ ಹೋಗಬೇಡಿ. ರೈತರ ಪಾಲಿಗೆ ಅದು ಬೆಳೆ ಉಳಿಯುತ್ತದೆಯೋ ಇಲ್ಲವೋ ಎಂಬ ಸಮಯ, ಅಲ್ಲಿ ವಿಹಾರಕ್ಕೆ ಜಾಗವಿಲ್ಲ. ಉಳಿದ ದಿನಗಳಲ್ಲೂ ದಾರಿ ಇಲಾಖೆಯದ್ದು ಎಂಬುದು ನೆನಪಿರಲಿ. ಎದುರಾಗುವ ಗ್ಯಾಂಗ್‌ಮನ್‌ಗಳಿಗೆ ಎಲ್ಲಿಂದ ಬಂದವರು, ಎಲ್ಲಿಗೆ ಹೊರಟವರು ಎಂದು ಹೇಳಿ ಮುಂದೆ ಹೋಗಿ. ಯಾವ ತೂಬಿನ ಬಳಿ ದಾರಿ ಕಿತ್ತಿದೆ, ಎಲ್ಲಿ ದಂಡೆ ಕುಸಿದಿದೆ ಎಂಬುದು ಅವರಿಗಿಂತ ಚೆನ್ನಾಗಿ ಯಾವ ನಕ್ಷೆಗೂ ಗೊತ್ತಿಲ್ಲ.

ಯಾವ ಸೈಕಲ್?

ಇದಕ್ಕೆ ದುಬಾರಿ ಸೈಕಲ್ ಬೇಕೇಬೇಕು ಎನ್ನುವವರ ಮಾತು ನಂಬಬೇಡಿ. ಗ್ರ್ಯಾವೆಲ್ ಸೈಕಲ್ಲಿನ ಟೈರು ಸಾಮಾನ್ಯವಾಗಿ 35ರಿಂದ 50 ಮಿ.ಮೀ. ಅಗಲ. ನಮ್ಮ ಊರುಗಳಲ್ಲಿ ಹಾಲಿನ ಕ್ಯಾನು, ಮೇವಿನ ಹೊರೆ ಹೊತ್ತು ಓಡಾಡಿದ ಕರಿ ಸೈಕಲ್ಲಿನ 28 x 1½ ಟೈರು ಹತ್ತಿರಹತ್ತಿರ 40 ಮಿ.ಮೀ. ಇದೆ. ಅಂದರೆ ಗರಸು ದಾರಿಗೆ ಬೇಕಾದ ಟೈರು ಈ ನಾಡಿನಲ್ಲಿ ತಲೆಮಾರುಗಳಿಂದ ಓಡುತ್ತಲೇ ಇತ್ತು. ದಂಡೆಯ ಸಮದಾರಿಗೆ ಆ ಸೈಕಲ್ ಸಾಕು. ಗುಡ್ಡದ ಬದಿಯ ಬಂಡಿದಾರಿಗೆ ಮಾತ್ರ ಸಾಲದು. ಅದರ ಸರಳಿನ ಬ್ರೇಕು ಇಳಿಜಾರಿನಲ್ಲಿ ಹಿಡಿಯುವುದಿಲ್ಲ, ಏರಿನಲ್ಲಿ ಬದಲಿಸಲು ಗೇರಿಲ್ಲ. ಗೇರಿರುವ ಹೈಬ್ರಿಡ್ ಅಥವಾ ಎಂಟಿಬಿ (ಮೌಂಟನ್ ಬೈಕ್) ಇದ್ದರೆ ಎರಡೂ ಕಡೆ ಸುಲಭ. ಸಪೂರ ಟೈರಿನ ರೋಡ್ ಸೈಕಲ್ ತರಬೇಡಿ.

ಗಾಳಿ ಎಷ್ಟು ಹಾಕಬೇಕು ಎಂಬುದರಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಕಲ್ಲಿನಂತೆ ಗಟ್ಟಿ ಮಾಡಿದ ಟೈರು ಗರಸಿನ ಮೇಲೆ ಪುಟಿಯುತ್ತದೆ, ಜಾರುತ್ತದೆ, ಕೈ ಜೋಮು ಹಿಡಿಸುತ್ತದೆ. 40 ಮಿ.ಮೀ. ಟೈರು, ಎಪ್ಪತ್ತು ಕಿಲೋ ತೂಕದ ಸವಾರ ಎಂದಾದರೆ ಸುಮಾರು 35ರಿಂದ 45 ಪಿಎಸ್‌ಐ ಸಾಕು. ಮುಂದಿನ ಗಾಲಿಗೆ ಹಿಂದಿನದಕ್ಕಿಂತ ತುಸು ಕಡಿಮೆ ಇರಲಿ. ಟ್ಯೂಬ್ ಇರುವ ಟೈರಿನಲ್ಲಿ ಗಾಳಿ ತೀರಾ ಇಳಿಸಿದರೂ ಕಷ್ಟ, ಕಲ್ಲಿಗೆ ಬಡಿದಾಗ ರಿಮ್ಮಿನ ನಡುವೆ ಸಿಕ್ಕಿ ಟ್ಯೂಬ್ ಹರಿಯುತ್ತದೆ.

ಇಲ್ಲಿ ಎಲ್ಲಕ್ಕಿಂತ ದೊಡ್ಡ ಶತ್ರು ಮುಳ್ಳು. ಕಾಲುವೆ ದಂಡೆ, ಹಳ್ಳದ ಬದಿ, ಗಾಂವಠಾಣದ ಅಂಚು, ಎಲ್ಲೆಡೆ ಬಳ್ಳಾರಿ ಜಾಲಿ ಬೆಳೆದು ನಿಂತಿದೆ. ಸೌದೆಗೆಂದು ಅದನ್ನು ಕಡಿದು ಒಯ್ದ ದಾರಿಯಲ್ಲಿ ಉದುರಿದ ಮುಳ್ಳು ಒಣಗಿ ಮೊಳೆಯಂತಾಗುತ್ತದೆ. ಇನ್ನೊಂದು ನೆಗ್ಗಿಲ ಮುಳ್ಳು. ನೆಲಕ್ಕೆ ಹಬ್ಬುವ ಈ ಬಳ್ಳಿ ಮಳೆಗಾಲದಲ್ಲಿ ಹಳದಿ ಹೂ ಬಿಡುತ್ತದೆ, ಮಳೆ ಹಿಂದಾದ ಮೇಲೆ ಅದರ ಕಾಯಿ ಒಣಗಿ ದಾರಿಯ ತುಂಬ ಹರಡುತ್ತದೆ. ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿ ನಿಲ್ಲುವ ರಚನೆ ಅದರದು. ಟ್ಯೂಬ್‌ಲೆಸ್ ಟೈರಿಗೆ ಸೀಲೆಂಟ್ ಹಾಕಿದ್ದರೆ ಇಂಥ ಸಣ್ಣ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ. ಟ್ಯೂಬ್ ಇರುವವರು ಟೈರಿನ ಒಳಗೆ ಲೈನರ್ ಪಟ್ಟಿ ಹಾಕಿಸಿ. ಎರಡು ಟ್ಯೂಬು, ಪ್ಯಾಚು, ಸಲೂಷನ್, ಪಂಪು ಜೊತೆಗಿರಲಿ. ಪಂಕ್ಚರ್ ಆದಾಗ ಟೈರಿನ ಒಳಮೈ ಮೇಲೆ ನಿಧಾನವಾಗಿ ಬೆರಳಾಡಿಸಿ ಮುಳ್ಳಿನ ತುದಿ ಕಿತ್ತ ಮೇಲೆಯೇ ಹೊಸ ಟ್ಯೂಬ್ ಹಾಕಬೇಕು. ಮುರಿದ ಮುಳ್ಳು ಒಳಗೇ ಉಳಿದರೆ ಎರಡನೆಯ ಟ್ಯೂಬೂ ಹೋಗುತ್ತದೆ. ಮೋಟರ್‌ಸೈಕಲ್ ಪಂಕ್ಚರ್ ಅಂಗಡಿ ಹೆದ್ದಾರಿಯ ಊರುಗಳಲ್ಲಿ ಸಿಗುತ್ತದೆ. ಅವರ ಗಾಳಿ ಯಂತ್ರಕ್ಕೆ ಹೊಂದುವ ವಾಲ್ವ್ ಅಡಾಪ್ಟರ್ ಒಂದು ಜೇಬಿನಲ್ಲಿರಲಿ.

ಎರೆ, ಮಸಾರಿ, ಗರಸು

ದಾರಿಯ ಮಣ್ಣು ಓದಲು ಕಲಿಯುವುದೇ ಇಲ್ಲಿನ ನಿಜವಾದ ವಿದ್ಯೆ. ಗುಡ್ಡದ ಆಸುಪಾಸಿನ ಕೆಂಪು ಮಸಾರಿ ನೆಲ ಮಳೆ ಬಂದು ಹೋದ ಅರ್ಧ ದಿನಕ್ಕೆ ಸೈಕಲ್ಲಿಗೆ ಸಿದ್ಧ. ಕಪ್ಪು ಎರೆ ನೆಲದ ಸ್ವಭಾವ ಇದಕ್ಕೆ ಪೂರಾ ವಿರುದ್ಧ. ಒಣಗಿದಾಗ ಅದರಷ್ಟು ನುಣುಪಾದ ದಾರಿ ಬೇರಿಲ್ಲ, ಸಿಮೆಂಟಿನ ಮೇಲೆ ಹೋದಂತೆ ಹೋಗಬಹುದು. ನೆಂದಾಗ ಹತ್ತು ಮಾರು ಹೋಗುವುದರೊಳಗೆ ಮಣ್ಣು ಗಾಲಿಗೆ ಸುತ್ತಿ, ಫೋರ್ಕಿನ ನಡುವೆ ತುಂಬಿ, ಗಾಲಿ ತಿರುಗುವುದೇ ನಿಲ್ಲುತ್ತದೆ. ಆಮೇಲೆ ಸೈಕಲ್ ತಳ್ಳಲೂ ಬರುವುದಿಲ್ಲ, ಹೊತ್ತೇ ನಡೆಯಬೇಕು, ಅದೂ ಮಣ್ಣಿನಿಂದಾಗಿ ಇಮ್ಮಡಿ ತೂಕವಾದ ಸೈಕಲ್ಲನ್ನು. ದೊಡ್ಡ ಮಳೆ ಬಿದ್ದ ಮೇಲೆ ಎರೆ ಹೊಲದ ದಾರಿಗೆ ಎರಡು ಮೂರು ಬಿಸಿಲು ಬೀಳುವವರೆಗೆ ಹೋಗಬೇಡಿ. ಕಾಲುವೆ ಒಡೆದೋ ಗದ್ದೆಯ ನೀರು ಬಸಿದೋ ಕೆಸರಾದ ತುಣುಕು ಬೇಸಿಗೆಯಲ್ಲೂ ಎದುರಾಗಬಹುದು. ಇಳಿದು ಬದಿಯ ಹುಲ್ಲಿನ ಮೇಲೆ ತಳ್ಳಿಕೊಂಡು ಹೋಗುವುದೇ ಉಪಾಯ.

ಭತ್ತದ ನಾಟಿಗೆ ಗದ್ದೆ ಕಲಸುವ ಕಾಲದಲ್ಲಿ ಕಬ್ಬಿಣದ ಕೇಜ್‌ವೀಲ್ ಹಾಕಿದ ಟ್ರ್ಯಾಕ್ಟರುಗಳು ದಾರಿಗಿಳಿಯುತ್ತವೆ. ಅವು ಹೋದ ದಾರಿಯಲ್ಲಿ ಅಡ್ಡಡ್ಡ ಗೀರು ಬಿದ್ದು ಸೈಕಲ್ ಗಡಗಡ ನಡುಗುತ್ತದೆ. ಟಾರು ರಸ್ತೆಯನ್ನೂ ಅವು ಬಿಟ್ಟಿಲ್ಲ. ಆ ವಾರಗಳಲ್ಲಿ ಗದ್ದೆಯ ಬಯಲು ಬಿಟ್ಟು ಗುಡ್ಡದ ಬದಿಯ ಮಸಾರಿ ದಾರಿ ಹಿಡಿಯುವುದು ಲೇಸು.

ಕಾಲದ ಮಾತು ಹೇಳುವುದಾದರೆ, ನವೆಂಬರಿನಿಂದ ಫೆಬ್ರುವರಿಯವರೆಗೆ ಸವಾರಿಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಬಂಡೆಗಲ್ಲಿನ ಗುಡ್ಡಗಳು ಕತ್ತಲಾದ ಮೇಲೂ ಕಾವು ಉಗುಳುತ್ತವೆ. ಆಗ ಬರಲೇಬೇಡಿ. ಡಿಸೆಂಬರಿನಲ್ಲಿ ಹೊತ್ತು ಮೂಡುವುದು ಆರೂವರೆ ದಾಟಿದ ಮೇಲೆ, ಮುಳುಗುವುದು ಆರರೊಳಗೆ. ಏರುಗಳು ಕಡಿಮೆಯಿರುವ ಈ ಬಯಲಿನಲ್ಲಿ ದಣಿಸುವುದು ಗಾಳಿ. ಚಳಿಗಾಲದಲ್ಲಿ ಅದು ಹೆಚ್ಚಾಗಿ ಮೂಡಣ ಕಡೆಯಿಂದ ಬೀಸುತ್ತದೆ. ಕಾಲಲ್ಲಿ ಕಸುವಿರುವ ಮುಂಜಾನೆ ಮೂಡಣಕ್ಕೆ ಹೋಗಿ, ದಣಿದ ಮೇಲೆ ಪಡುವಣಕ್ಕೆ ಮರಳಿ ಬರುವಂತೆ ದಾರಿ ಹಾಕಿಕೊಂಡರೆ ಗಾಳಿಯೇ ಮನೆಗೆ ತಳ್ಳುತ್ತದೆ.

ಎಲ್ಲಿಗೆ ಹೋಗುವುದು?

ಮೊದಲ ದಿನ ದೂರದ ಆಸೆ ಬೇಡ. ನೀರಮಾನ್ವಿಯನ್ನೇ ನೆಲೆ ಮಾಡಿಕೊಂಡು ಗುಡ್ಡದ ಸುತ್ತಲಿನ ಬಂಡಿದಾರಿಗಳಲ್ಲಿ ತಿರುಗಿ. ಯಲ್ಲಮ್ಮ ದೇವಿಯಿಂದ ಹೆಸರಾದ ಊರು ಇದು. ಜಾತ್ರೆಯ ದಿನಗಳಲ್ಲಿ ದಾರಿಗಳೆಲ್ಲ ಭಕ್ತರಿಂದ ತುಂಬಿರುತ್ತವೆ, ಆಗ ಸೈಕಲ್ ಮನೆಯಲ್ಲಿರಲಿ. ಈ ಸೀಮೆಯ ಗುಡ್ಡಗಳು ಮಣ್ಣಿನ ದಿಬ್ಬಗಳಲ್ಲ. ಕೋಟ್ಯಂತರ ವರ್ಷಗಳ ಹಿಂದಿನ ಗ್ರಾನೈಟ್ ಬಂಡೆ ಬಿರುಕು ಬಿಟ್ಟು, ಸವೆದು, ದುಂಡಾಗಿ, ಒಂದರ ಮೇಲೊಂದು ನಿಂತ ಕಲ್ಲಿನ ರಾಶಿ. ಬಂಡೆಯ ಮೇಲೆ ಸೈಕಲ್ ಏರಿಸುವ ಸಾಹಸ ಬಿಟ್ಟು ಬುಡದ ದಾರಿಯಲ್ಲೇ ಸುತ್ತಿ. ಇಂಥ ಗುಡ್ಡಗಳಲ್ಲಿ ಚಿರತೆ, ಕರಡಿ ನೆಲೆಸುವುದುಂಟು. ಹೊತ್ತು ಇಳಿಯುವ ಮುಂಚೆ ಊರು ಸೇರಿ.

ಎರಡನೆಯ ದಿನಕ್ಕೆ ನಾನು ಎಲ್ಲರಿಗೂ ಹೇಳುವುದು ದಾಸರ ಊರುಗಳ ದಾರಿ. ಹರಿದಾಸ ಪರಂಪರೆಯ ದೊಡ್ಡ ಹೆಸರುಗಳು ಇಷ್ಟು ಒತ್ತಾಗಿ ಹುಟ್ಟಿದ ಸೀಮೆ ಇನ್ನೊಂದಿಲ್ಲ. ವಿಜಯದಾಸರು (1682–1755) ಹುಟ್ಟಿದ ಚೀಕಲಪರ್ವಿ ತುಂಗಭದ್ರೆಯ ದಂಡೆಯ ಮೇಲಿದೆ. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು (1728–1809) ಹುಟ್ಟಿದ್ದು ಬ್ಯಾಗವಾಟದಲ್ಲಿ, ನೆಲೆಸಿದ್ದು ಮಾನ್ವಿಯಲ್ಲಿ. ಅವರು ನೆಲೆಗೊಂಡಿದ್ದಾರೆಂದು ಭಕ್ತರು ನಂಬುವ ಕಂಬಕ್ಕೆ ಇಂದಿಗೂ ಅಲ್ಲಿ ಪೂಜೆ ನಡೆಯುತ್ತದೆ. ಅವರ ಗುರು ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ತಂಬೂರಿ ಹಿಡಿದು ಅವರೆಲ್ಲ ಕಾಲ್ನಡಿಗೆಯಲ್ಲಿ ತಿರುಗಿದ ನಾಡು ಇದು. ಮಾನ್ವಿಯಿಂದ ಚೀಕಲಪರ್ವಿಗೆ ಉಪಕಾಲುವೆಗಳ ಬದಿ ಹಿಡಿದು ಗದ್ದೆಬಯಲಿನಲ್ಲಿ ಇಳಿಯುತ್ತ ಹೋದರೆ ನದಿ ಸಿಗುತ್ತದೆ. ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ರಾಜಲಬಂಡಾ ಒಡ್ಡು ಕೂಡ ಮಾನ್ವಿ ತಾಲ್ಲೂಕಿನದೇ. ನದಿಯ ನೀರಿಗೆ ಮಾತ್ರ ಇಳಿಯಬೇಡಿ, ಕೃಷ್ಣೆ, ತುಂಗಭದ್ರೆ ಎರಡರಲ್ಲೂ ಮೊಸಳೆಗಳಿವೆ.

ಮುಖ್ಯ ಕಾಲುವೆಯ ಉದ್ದನೆಯ ಸವಾರಿ ಬೇಕೆನ್ನುವವರು ಕವಿತಾಳ, ಸಿರವಾರದ ಸೀಮೆಗೆ ಹೋಗಬೇಕು. ಉಪಗ್ರಹದ ನಕ್ಷೆಯಲ್ಲಿ ಕಾಲುವೆ ನೀಲಿ ಗೆರೆಯಾಗಿ, ಅದರ ಪಕ್ಕಕ್ಕೆ ದಾರಿ ತೆಳು ಗೆರೆಯಾಗಿ ಕಾಣುತ್ತದೆ. ಹಿಂದಿನ ರಾತ್ರಿಯೇ ನೋಡಿ, ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ದಂಡೆಗೆ ಜಾಲಿ ಕವಿದ ಕಡೆ ದಾರಿ ಒಂದು ಬದಿಯಲ್ಲಿ ಮುಗಿದು ಸೇತುವೆಯಾಚೆ ಇನ್ನೊಂದು ಬದಿಯಲ್ಲಿ ಮುಂದುವರಿಯುವುದುಂಟು. ಅನುಮಾನ ಬಂದಲ್ಲಿ ಕೇಳುವುದು ಒಳ್ಳೆಯದು: 'ಅಣ್ಣಾರ, ಈ ದಾರಿ ಮುಂದ ಕೂಡ್ತದೇನ್ರಿ? ಹಳ್ಳದಾಗ ನೀರು ಅದಾವೇನ್ರಿ?' ದಾರಿ ಇಲ್ಲದಿದ್ದರೆ ಅವರು ಬೇರೆ ದಾರಿ ತೋರಿಸುತ್ತಾರೆ, ಹಲವು ಸಲ ಚಹಾ ಕುಡಿಸಿಯೇ ಕಳಿಸುತ್ತಾರೆ. ಇದೇ ಕಾಲುವೆ ಸೀಮೆಯಿಂದ ಪಡುವಣಕ್ಕೆ ಮಸ್ಕಿ ಇದೆ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಅಶೋಕನ ಹೆಸರಿರುವ ಶಾಸನವನ್ನು ಕಂಡದ್ದು ಅಲ್ಲಿನ ಗುಡ್ಡದಲ್ಲಿ. 'ದೇವಾನಾಂಪ್ರಿಯ' ಎಂದು ಕರೆದುಕೊಂಡ ಅರಸ ಅಶೋಕನೇ ಎಂಬುದು ಆ ಬಂಡೆಯಿಂದ ಗಟ್ಟಿಯಾಯಿತು. ಒಂದು ರಾತ್ರಿ ತಂಗುವ ತಯಾರಿ ಇದ್ದರೆ ಮಾತ್ರ ಅಲ್ಲಿಗೆ ಹೋಗಿ.

ದೇವದುರ್ಗದ ಕಡೆ ಏರಿಳಿತ ಹೆಚ್ಚು, ಊರುಗಳ ನಡುವೆ ಅಂತರ ಹೆಚ್ಚು, ನೆರಳು ಕಡಿಮೆ. ಗಬ್ಬೂರಿನ ಹಳೆಯ ಗುಡಿಗಳು, ಶಾಸನಗಳು ನಡುದಾರಿಯಲ್ಲಿ ಒಳ್ಳೆಯ ತಂಗುದಾಣ. ಅನುಭವ ಇರುವವರಿಗೆ ಈ ಭಾಗ.

ರಾಯಚೂರಿನಿಂದ ಶುರು ಮಾಡುವವರು ಕೋಟೆಯ ಗೋಡೆ ನೋಡದೆ ಹೊರಡಬೇಡಿ. 1294ರ ಶಾಸನವಿರುವ, 41 ಅಡಿಗೂ ಮಿಕ್ಕಿದ ಒಂದೇ ಕಲ್ಲು ಅಲ್ಲಿದೆ. ಅದನ್ನು ಬಂಡಿಯ ಮೇಲೇರಿಸಿ ಕೋಣಗಳಿಂದ ಎಳೆಸಿ ತಂದ ಬಗೆಯನ್ನು ಗೋಡೆಯ ಮೇಲೆ ಗೀರಿ ತೋರಿಸಿದ್ದಾರೆ. ಈ ನಾಡಿನ ಬಂಡಿದಾರಿಗಳ ಚರಿತ್ರೆಗೆ ಅದಕ್ಕಿಂತ ಹಳೆಯ ಚಿತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಅಲ್ಲಿಂದ ಮಾನ್ವಿಗೆ ಸುಮಾರು 45 ಕಿ.ಮೀ. ನಡುವೆ ಕಲ್ಲೂರಿನ ಮಹಾಲಕ್ಷ್ಮಿ ಗುಡಿ. ಹೆದ್ದಾರಿಯ ಈ ತುಣುಕನ್ನು ಬಸ್ಸಿನಲ್ಲಿ ದಾಟಿ, ಒಳದಾರಿಗೆ ಇಳಿದ ಮೇಲೆ ಸೈಕಲ್ ಏರುವುದು ಜಾಣತನ.

ನೀರು, ಊಟ, ನಡತೆ

ಕಾಲುವೆಯ ಪಕ್ಕದಲ್ಲೇ ಹೋಗುತ್ತಿದ್ದರೂ ಅದರ ನೀರು ಕುಡಿಯಬೇಡಿ. ಹೊಲಗಳಿಗೆ ಹೊಡೆದ ಔಷಧಿ, ಗೊಬ್ಬರ ಅದಕ್ಕೂ ಬಸಿದು ಬರಬಹುದು. ಜಿಲ್ಲೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತುಂಬಿಸಿಕೊಳ್ಳಿ. ಘಟಕ ಕೆಟ್ಟು ನಿಂತಿರುವುದೂ ಉಂಟು, ಹಾಗಾಗಿ ಮೂರು ಲೀಟರಿಗೆ ಕಡಿಮೆಯಿಲ್ಲದಂತೆ ಹೊತ್ತೇ ಹೊರಡಿ. ಕಟ್ಟಿಕೊಂಡು ಹೋಗಲು ಖಡಕ್ ರೊಟ್ಟಿ, ಶೇಂಗಾ ಚಟ್ನಿಗಿಂತ ಒಳ್ಳೆಯ ಬುತ್ತಿ ಇಲ್ಲ. ಕೆಡುವುದಿಲ್ಲ, ಹಗುರ, ಹೊಟ್ಟೆ ಹಿಡಿಯುತ್ತದೆ. ಮುಂಜಾನೆ ಯಾವ ಊರಿನ ಹೋಟೆಲಿನಲ್ಲೂ ಮಂಡಾಳ ಒಗ್ಗರಣಿ, ಮಿರ್ಚಿ ಸಿಗುತ್ತದೆ.

ಕಾಲುವೆಗೆ ಈಜಲು, ಕೈಕಾಲು ತೊಳೆಯಲು ಇಳಿಯುವುದು ಜೀವಕ್ಕೆ ಕುತ್ತು. ಸಿಮೆಂಟ್ ಹಾಕಿದ ಇಳಿಜಾರು ದಂಡೆ ಪಾಚಿಗಟ್ಟಿರುತ್ತದೆ. ಒಮ್ಮೆ ಜಾರಿದರೆ ಹಿಡಿದು ಮೇಲೆ ಬರಲು ಏನೂ ಇರುವುದಿಲ್ಲ. ಈಜು ಬಲ್ಲವರೂ ಹೀಗೆ ಹೋಗಿದ್ದಾರೆ. ಸವಾರಿಯಲ್ಲೂ ನೀರಿನ ಅಂಚು ಬಿಟ್ಟು ಹೊಲದ ಬದಿಯ ಗಾಲಿಜಾಡಿನಲ್ಲಿ ಹೋಗಿ. ಎದುರಿಗೆ ಟ್ರ್ಯಾಕ್ಟರು ಬಂದರೆ ಇಳಿದು ನಿಲ್ಲಿ.

ಸುಗ್ಗಿಯ ದಿನಗಳಲ್ಲಿ ತೊಗರಿ, ಜೋಳ, ಭತ್ತದ ರಾಶಿ ದಾರಿಯ ಮೇಲೇ ಹರಡಿರುತ್ತದೆ, ಮೆಣಸಿನಕಾಯಿ ಒಣಗಲು ಹಾಕಿರುತ್ತಾರೆ. ಕಾಳಿನ ಮೇಲೆ ಗಾಲಿ ಹಾಯಿಸಬೇಡಿ, ಇಳಿದು ಸುತ್ತಿ ಹೋಗಿ. ಹತ್ತಿ ಬಿಡಿಸುವ ಹೆಣ್ಣುಮಕ್ಕಳ ಫೋಟೊ ಕೇಳದೆ ತೆಗೆಯಬೇಡಿ. ಔಷಧಿ ಹೊಡೆಯುತ್ತಿರುವ ಹೊಲ ಕಂಡರೆ ಗಾಳಿ ಯಾವ ಕಡೆಯದು ನೋಡಿಕೊಂಡು ದೂರ ಸರಿಯಿರಿ. ಕುರಿ ಹಟ್ಟಿಯ ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬೇಡಿ. ಇಳಿದು, ಸೈಕಲ್ಲನ್ನು ನಾಯಿಗೂ ನಿಮಗೂ ನಡುವೆ ಹಿಡಿದು, ನಿಧಾನ ನಡೆಯಿರಿ. ಕುರಿಗಾಹಿ ಕೂಗಿದೊಡನೆ ಅದು ಹಿಂದಿರುಗುತ್ತದೆ.

ಹೊರಗಿನಿಂದ ಬರುವವರಿಗೆ ರಾಯಚೂರು ನಿಲ್ದಾಣವೇ ಹೆಬ್ಬಾಗಿಲು. ಬೆಂಗಳೂರು, ಮುಂಬೈ ಎರಡೂ ಕಡೆಯ ಗಾಡಿಗಳು ನಿಲ್ಲುತ್ತವೆ. ಸೈಕಲ್ಲನ್ನು ಲಗೇಜ್ ಎಂದು ಬುಕ್ ಮಾಡಿಸಿ ಬ್ರೇಕ್‌ವ್ಯಾನಿನಲ್ಲಿ ಹಾಕಬಹುದು. ಗಾಡಿ ಹೊರಡುವ ಒಂದೆರಡು ಗಂಟೆ ಮೊದಲೇ ಪಾರ್ಸೆಲ್ ಕಚೇರಿಗೆ ಹೋಗಿ, ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ ಕಟ್ಟಿ, ಗೇರಿನ ಭಾಗಕ್ಕೆ ರಟ್ಟು ಸುತ್ತಿ, ಹೆಸರು, ಫೋನ್ ನಂಬರ್, ಇಳಿಯುವ ನಿಲ್ದಾಣ ಬರೆದ ಚೀಟಿಯನ್ನು ಎರಡು ಕಡೆ ಅಂಟಿಸಿ. ಮಾನ್ವಿ ಕಡೆಯ ಬಸ್ಸಿನಲ್ಲಿ ಸೈಕಲ್ ಹಾಕಿಕೊಳ್ಳುವುದು ಕಂಡಕ್ಟರರ ಒಪ್ಪಿಗೆಗೆ ಬಿಟ್ಟದ್ದು. ಬೆಳಗಿನ ಮೊದಲ ಬಸ್ಸುಗಳಲ್ಲಿ ಜನ ಕಡಿಮೆಯಿದ್ದಾಗ ಕೇಳಿದರೆ ಇಲ್ಲವೆನ್ನುವುದು ಅಪರೂಪ, ಲಗೇಜ್ ಟಿಕೆಟ್ ತೆಗೆಸಿಕೊಳ್ಳಿ.